ರೈಲ್ವೆ ಸ್ಟೇಷನ್ ಪಾರ್ಕಿಂಗ್‌ಗೆ ಇಷ್ಟೊಂದು ದುಡ್ಡು ಯಾಕೆ, ಇದು ನ್ಯಾಯನಾ?

ಅಲ್ಲಿ ಚೀಟಿ ಹರಿಯುವವನು ಸಾಮಾನ್ಯವಾಗಿ ರೈಲ್ವೆ ನೌಕರ ಅಲ್ಲ, ಗುತ್ತಿಗೆದಾರನ ಹುಡುಗ. ಜಾಗವನ್ನು ರೈಲ್ವೆ ಹರಾಜಿಗೆ ಹಾಕುತ್ತದೆ, 2022ರಿಂದ ಆನ್‌ಲೈನ್‌ನಲ್ಲೇ, ಜಾಸ್ತಿ ಕೂಗಿದವನಿಗೆ ಗುತ್ತಿಗೆ. ಕಟ್ಟಿದ ಲೈಸೆನ್ಸ್ ಶುಲ್ಕ, ಮೇಲಿನ ಲಾಭ ಎರಡನ್ನೂ ಅವನು ನಮ್ಮ ಸ್ಕೂಟರ್‌ಗಳಿಂದಲೇ ತೆಗೆಯಬೇಕಲ್ವಾ. ಹಾಗಂತ ಬಾಯಿಗೆ ಬಂದ ರೇಟು ಹೇಳುವಂತಿಲ್ಲ, ನಿಗದಿಯಾದ ದರದ ಬೋರ್ಡ್ ಹಾಕಿರಬೇಕು. ಅದಕ್ಕಿಂತ ಜಾಸ್ತಿ ಕೇಳಿದರೆ ಸುಮ್ನೆ ಜಗಳ ಬೇಡ. ರಸೀದಿ ಇಸ್ಕೊಂಡು, ಬೋರ್ಡಿನ ಫೋಟೋ ತೆಗೆದು, ರೈಲ್ ಮದದ್ ಆಪ್‌ನಲ್ಲೋ 139ಕ್ಕೋ ದೂರು ಕೊಡಿ.

ನ್ಯಾಯದ ಮಾತಿಗೆ ಬಂದರೆ, ಒಂದು ಗಂಟೆ ನಿಲ್ಲಿಸುವವರಿಗೆ ಪರವಾಗಿಲ್ಲ. ಪಾಸ್‌ನಲ್ಲಿ ದಿನಾ ಓಡಾಡುವವರಿಗೆ ಮಾತ್ರ ಹೊಡೆತ, ರೈಲಿನ ಪಾಸಿಗಿಂತ ಪಾರ್ಕಿಂಗೇ ದುಬಾರಿ ಆಗುವುದುಂಟು. ನಾನು ಊರಿಗೆ ಹೋಗಿ ಮೂರು ದಿನ ಬಿಟ್ಟು ಬಂದರೆ ಸೀಟ್ ಕವರ್ ಹರಿದಿತ್ತು, ಚೀಟಿಯ ಹಿಂದೆ ‘ಜವಾಬ್ದಾರಿ ನಮ್ಮದಲ್ಲ’ ಅಂತ ಬರೆದಿತ್ತು!