ಹಳೆ ಶೂ ಕಂಪನಿ ‘ನಾವೂ ಅಷ್ಟೇ ಕೊಡ್ತೀವಿ’ ಅಂದರೆ

ಓಟಗಾರ್ತಿಯಾದ ನಿಮ್ಮ ತಂಗಿಯ ಪ್ರಾಯೋಜಕತ್ವದ ಕರಾರು ಮುಗಿದರೂ ಹಳೆ ಶೂ ಕಂಪನಿ ಅವಳನ್ನು ಹೊಸ ಕಂಪನಿಗೆ ಹೋಗಲು ಬಿಡುತ್ತಿಲ್ಲ, ಏಕೆ ಅಂತ ಕೇಳಿದ್ದೀರಿ. ಕಾರಣ ಬಹುಶಃ ‘ಮ್ಯಾಚಿಂಗ್’ ಷರತ್ತು: ಬೇರೆಯವರ ಆಫರ್ ಸರಿಗಟ್ಟಿದರೆ ಅವರಿಗೇ ಮೊದಲ ಹಕ್ಕು. ಆದರೆ ಮೊತ್ತವೊಂದೇ ಸರಿಹೊಂದಿದರೆ ಸಾಲದು. 2016ರಲ್ಲಿ 800 ಮೀಟರ್ ಓಟಗಾರ ಬೋರಿಸ್ ಬೆರಿಯನ್ ಮೇಲೆ ಅವರ ಹಳೆ ಪ್ರಾಯೋಜಕ ನೈಕಿ ದಾವೆ ಹೂಡಿದಾಗ ಬೆರಿಯನ್ ಕಡೆಯ ವಾದ ಇದೇ: ಹೊಸ ಕಂಪನಿ ನ್ಯೂ ಬ್ಯಾಲೆನ್ಸ್‌ನ ಆಫರ್‌ನಲ್ಲಿ ಹಣ ಕಡಿತದ ಷರತ್ತಿಲ್ಲ, ನೈಕಿಯದರಲ್ಲಿ ಇದೆ. ನೈಕಿ ಆ ದಾವೆ ಕೈಬಿಟ್ಟಿತು.

ಮೊದಲು ಆ ಷರತ್ತು ಎಷ್ಟು ದಿನ ಊರ್ಜಿತ ಅಂತ ನೋಡಿ. ಆಮೇಲೆ ಹೊಸ ಕಂಪನಿಯಿಂದ ಲೆಟರ್‌ಹೆಡ್ ಮೇಲೆ ಆಫರ್ ಬರೆಸಿಕೊಳ್ಳಿ. ‘ಗಾಯವಾದರೂ ರ್‍ಯಾಂಕಿಂಗ್ ಕುಸಿದರೂ ಹಣ ಕಡಿತವಿಲ್ಲ’ ಎಂಬ ಸಾಲು ಇರಲೇಬೇಕು. ನಾನು ತರಬೇತಿ ಕೊಡುವ ಹುಡುಗಿಯ ಪತ್ರದಲ್ಲಿ ಆ ಒಂದು ಸಾಲು ಬಿಟ್ಟುಹೋಗಿ ಎರಡು ತಿಂಗಳು ಒದ್ದಾಡಿದೆವು. ಒಕ್ಕಣೆ ನೋಡದೆ ಗೆಲ್ತೀರಿ ಅನ್ನಲಾರೆ. ಏಜೆಂಟ್‌ಗೆ ಎರಡೂ ಕಡೆ ಕಮಿಷನ್ ಸಿಗಬಹುದು, ಹಾಗಾಗಿ ಬೇರೆ ವಕೀಲರಿಗೆ ತೋರಿಸಿ. ಅಲ್ಲಿಯತನಕ ಸಹಿ ಬೇಡ, ರೇಸ್‌ನಲ್ಲಿ ಹೊಸ ಕಂಪನಿಯ ಶೂ ಕೂಡ ಬೇಡ.