ಸಾಲದ ಮನೆಗೆ ರಿಯಾಯಿತಿ, ಬಾಡಿಗೆ ಮನೆಗೆ ತೆರಿಗೆ: ಇದು ನ್ಯಾಯವೇ?

ಪ್ರಶ್ನೆ: ವಿಜಯಪುರದ ಖಾಸಗಿ ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕಿಯಾಗಿದ್ದೇನೆ. ವರ್ಷದ ಸಂಬಳ 7,20,000 ರೂಪಾಯಿ. ಅದರಲ್ಲಿ ಮನೆ ಬಾಡಿಗೆ ಭತ್ಯೆ ಎಂದು ಬೇರೆಯಾಗಿ ಏನೂ ಇಲ್ಲ. ಜಲನಗರದ ಮನೆಗೆ ತಿಂಗಳಿಗೆ 9,000 ರೂಪಾಯಿ ಬಾಡಿಗೆ ಕೊಡುತ್ತೇನೆ. ಇಷ್ಟೇ ಸಂಬಳದ ನನ್ನ ಸಹೋದ್ಯೋಗಿ ಸಾಲ ಮಾಡಿ ಮನೆ ಕಟ್ಟಿಸಿದ್ದು, ಅದರ ಬಡ್ಡಿ ತೋರಿಸಿ ತೆರಿಗೆಯಿಂದ ಪೂರ್ತಿ ಪಾರಾಗುತ್ತಾರೆ. ಬಾಡಿಗೆಗಾದರೂ ಒಂದಿಷ್ಟು ಕಡಿತ ಸಿಗಲಿ ಎಂದು ನಾನೂ ಹಳೆಯ ತೆರಿಗೆ ಪದ್ಧತಿಯಲ್ಲೇ ಇದ್ದೇನೆ. ಆದರೂ ಸಂಬಳದಲ್ಲಿ ತೆರಿಗೆ ಮುರಿಯುತ್ತಿದ್ದಾರೆ. ಮನೆ ಇದ್ದವರಿಗೆ ರಿಯಾಯಿತಿ, ಇಲ್ಲದವರಿಗೆ ತೆರಿಗೆ ಎನ್ನುವುದು ಯಾವ ನ್ಯಾಯ?

ಉತ್ತರ: ನಿಮ್ಮ ಸಿಟ್ಟಿಗೆ ಆಧಾರವಿದೆ. 2025-26ನೇ ಹಣಕಾಸು ವರ್ಷಕ್ಕೆ, ವೃತ್ತಿ ತೆರಿಗೆ ಮತ್ತು ಉಳಿತಾಯದ ಕಡಿತಗಳನ್ನು ಬದಿಗಿಟ್ಟು ಇಬ್ಬರ ಲೆಕ್ಕವನ್ನೂ ಹಾಕಿ ನೋಡೋಣ. ಹಳೆಯ ಪದ್ಧತಿಯಲ್ಲಿ 50,000 ರೂಪಾಯಿಯ ಪ್ರಮಾಣಿತ ಕಡಿತ ಕಳೆದರೆ ಇಬ್ಬರಿಗೂ 6,70,000 ಉಳಿಯುತ್ತದೆ. ಭತ್ಯೆ ಇಲ್ಲದ ಬಾಡಿಗೆದಾರರಿಗೆ ಸೆಕ್ಷನ್ 80ಜಿಜಿ ಅಡಿ ಸಿಗುವ ಕಡಿತವು ತಿಂಗಳಿಗೆ 5,000 ರೂಪಾಯಿ, ಆದಾಯದ ಶೇ 25, ಅಥವಾ ಬಾಡಿಗೆಯಲ್ಲಿ ಆದಾಯದ ಶೇ 10ನ್ನು ಕಳೆದು ಉಳಿಯುವ ಮೊತ್ತ, ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ. ನೀವು ವರ್ಷಕ್ಕೆ ಕೊಡುವ 1,08,000ದಲ್ಲಿ 67,000 ಕಳೆದರೆ ಸಿಗುವುದು 41,000. ನಿಮ್ಮ ಸಹೋದ್ಯೋಗಿಗೆ ಸೆಕ್ಷನ್ 24ರಡಿ ಬಡ್ಡಿಯ ಬಾಬ್ತು 2 ಲಕ್ಷದವರೆಗೆ ಕಡಿತವಿದೆ. ಅಷ್ಟು ಬಡ್ಡಿ ಕಟ್ಟಿದ್ದರೆ ಅವರ ಆದಾಯ 4,70,000ಕ್ಕೆ, ಅಂದರೆ ರಿಬೇಟ್ (ತೆರಿಗೆ ಮನ್ನಾ) ಸಿಗುವ 5 ಲಕ್ಷದ ಗಡಿಯೊಳಗೆ ಇಳಿದು ತೆರಿಗೆ ಸೊನ್ನೆಯಾಗುತ್ತದೆ. 6,29,000ದಲ್ಲಿ ನಿಂತ ನೀವು ಸೆಸ್ (ತೆರಿಗೆಯ ಮೇಲಿನ ಹೆಚ್ಚುವರಿ ಕರ) ಸೇರಿ 39,832 ರೂಪಾಯಿ ಕಟ್ಟಬೇಕು.

ಇದರಲ್ಲಿ ಅನ್ಯಾಯ ಎಲ್ಲಿದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬಾಡಿಗೆಗೆ ಕೊಟ್ಟ ಮನೆಯ ಬಡ್ಡಿಯನ್ನು ಕಳೆಯುವುದು ಸರಿಯಾದ ಲೆಕ್ಕವೇ, ಏಕೆಂದರೆ ಅಲ್ಲಿ ಬಾಡಿಗೆಯು ಆದಾಯವೆಂದು ಜಮೆಯಾಗಿರುತ್ತದೆ ಮತ್ತು ಆ ಆದಾಯ ಗಳಿಸಲು ತಗುಲಿದ ಖರ್ಚು ಬಡ್ಡಿ. ತನ್ನದೇ ಮನೆಯಲ್ಲಿ ವಾಸಿಸುವವರ ಸಂಗತಿ ಬೇರೆ. ಅವರಿಗೆ ತಿಂಗಳಿಗೆ 9,000 ರೂಪಾಯಿ ಬಾಡಿಗೆ ಉಳಿಯುತ್ತದೆ, ಅದೂ ಒಂದು ಬಗೆಯ ಗಳಿಕೆಯೇ. ಆದರೆ ವಾಸದ ಮನೆಯ ವಾರ್ಷಿಕ ಮೌಲ್ಯವನ್ನು, ಅಂದರೆ ಅದರಿಂದ ವರ್ಷಕ್ಕೆ ಬರಬಹುದಾದ ಬಾಡಿಗೆಯನ್ನು, ಕಾನೂನು ಸೊನ್ನೆ ಎಂದು ಹಿಡಿಯುತ್ತದೆ, ಈಗ ಅದು ಎರಡು ಮನೆಗಳವರೆಗೂ ಅನ್ವಯಿಸುತ್ತದೆ. ಸೊನ್ನೆಯಿಂದ ಮತ್ತೆ 2 ಲಕ್ಷ ಕಳೆದು, ಬಂದ ನಷ್ಟವನ್ನು ಸಂಬಳದಲ್ಲಿ ವಜಾ ಹಾಕಲು ಬಿಡುವುದು ನನ್ನ ದೃಷ್ಟಿಯಲ್ಲಿ ಒಂದೇ ಮನೆಗೆ ಎರಡು ಸಲ ಕೊಟ್ಟ ರಿಯಾಯಿತಿ.

ಇನ್ನೂ ಒಂದು ವಿಚಿತ್ರವಿದೆ. ಈ ರಿಯಾಯಿತಿ ಸಲ್ಲುವುದು ಮನೆಗಲ್ಲ, ಸಾಲಕ್ಕೆ. ಇಂಡಿಯಲ್ಲಿ ಎರಡು ಎಕರೆ ಹೊಲ ಮಾರಿ, ಸಾಲದ ಗೊಡವೆಯೇ ಬೇಡವೆಂದು ಮನೆ ಕಟ್ಟಿದವರಿಗೆ ಇದರಲ್ಲಿ ಒಂದು ರೂಪಾಯಿಯೂ ಇಲ್ಲ. ಸಾಲ ಮಾಡಿದವರಲ್ಲೂ ಎಲ್ಲರಿಗೂ ಒಂದೇ ಅಳತೆಯಿಲ್ಲ: ಅದೇ 2 ಲಕ್ಷ ಬಡ್ಡಿಗೆ, ಶೇ 30ರ ಹಂತದಲ್ಲಿರುವ ತಜ್ಞ ವೈದ್ಯರಿಗೆ ಸೆಸ್ ಸೇರಿ 62,400 ರೂಪಾಯಿ ಉಳಿದರೆ, ಶೇ 5ರ ಹಂತದೊಳಗಿನ ಮೊತ್ತಕ್ಕೆ ಉಳಿಯುವುದು ಹೆಚ್ಚೆಂದರೆ 10,400. ಗುಳೇದಗುಡ್ಡದಲ್ಲೋ ಬನಹಟ್ಟಿಯಲ್ಲೋ ಮಗ್ಗದ ಪಕ್ಕದಲ್ಲೇ ಒಲೆ ಹೂಡಿಕೊಂಡು, ಸೊಸೈಟಿಯ ಸಾಲದಲ್ಲಿ ಎರಡು ಖೋಲಿ ಎಬ್ಬಿಸಿದ ನೇಕಾರನ ಆದಾಯ ತೆರಿಗೆಯ ಹೊಸ್ತಿಲಿಗೇ ಬರುವುದಿಲ್ಲವಾದ್ದರಿಂದ ಅವನಿಗೆ ಏನೂ ಇಲ್ಲ. ಮನೆ ಕಟ್ಟಲು ಯಾರಿಗೆ ಕೈ ಹಿಡಿಯುವವರು ಬೇಕೋ ಅವರಿಗೆ ಕಡಿಮೆ, ಬೇಡದವರಿಗೆ ಹೆಚ್ಚು. ಬ್ರಿಟನ್ ಇಂಥ ಬಡ್ಡಿ ರಿಯಾಯಿತಿಯನ್ನು ಹಂತಹಂತವಾಗಿ ಇಳಿಸಿ 2000ದ ಏಪ್ರಿಲ್‌ನಲ್ಲಿ ಪೂರ್ತಿ ಕೈಬಿಟ್ಟಿತು.

ಆದರೂ ನಿಮ್ಮ ಸಹೋದ್ಯೋಗಿಯನ್ನು ದೂರಬೇಡಿ. ಹದಿನೈದು, ಇಪ್ಪತ್ತು ವರ್ಷಗಳ ಕಂತಿಗೆ ಸಹಿ ಹಾಕುವಾಗ ಜನ ಈ ಕಡಿತವನ್ನೂ ಲೆಕ್ಕದಲ್ಲಿ ಹಿಡಿದೇ ಸಾಲ ಮಾಡಿರುತ್ತಾರೆ. ಮಾರ್ಚ್ ಬಂತೆಂದರೆ ಬ್ಯಾಂಕಿನ ಬಡ್ಡಿ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಟ್ಟುಕೊಂಡು ಬೆಳಗಾವಿಯ ನಮ್ಮ ಕಚೇರಿಗೆ ಬರುವವರನ್ನು ನೋಡಿದಾಗ, ಇದನ್ನು ಒಮ್ಮೆಲೇ ಕಿತ್ತುಕೊಳ್ಳುವುದೂ ನ್ಯಾಯವಲ್ಲ ಎನಿಸುತ್ತದೆ. ಅಲ್ಲದೆ, 2014ರಲ್ಲಿ ಒಂದೂವರೆ ಲಕ್ಷದಿಂದ 2 ಲಕ್ಷಕ್ಕೆ ಏರಿದ ಮಿತಿ ಮತ್ತೆ ಏರಿಲ್ಲ. ಬೆಲೆ ಏರಿದಂತೆ ಅದು ತಾನಾಗಿಯೇ ಸವೆಯುತ್ತಿದೆ.

ಸರ್ಕಾರ ಆರಿಸಿಕೊಂಡಿರುವುದು ಬಳಸುದಾರಿ. 2023-24ರಿಂದ ಮೂಲ ಆಯ್ಕೆಯಾಗಿರುವ ಹೊಸ ಪದ್ಧತಿಯಲ್ಲಿ ವಾಸದ ಮನೆಯ ಬಡ್ಡಿಗೂ ಕಡಿತವಿಲ್ಲ, 80ಜಿಜಿಯೂ ಇಲ್ಲ. ಅದರ ಬದಲು ದರಗಳು ಕಡಿಮೆ. ಬಾಡಿಗೆಗೆ ಕೊಟ್ಟ ಮನೆಯ ಬಡ್ಡಿಯನ್ನು ಬಾಡಿಗೆಯಿಂದ ಕಳೆಯಬಹುದು, ನಷ್ಟವನ್ನು ಸಂಬಳದಲ್ಲಿ ವಜಾ ಹಾಕುವಂತಿಲ್ಲ. ನಾನು ಮೇಲೆ ಹೇಳಿದ ತರ್ಕಕ್ಕೆ ಇದು ಹೆಚ್ಚು ಹತ್ತಿರವಾಗಿದೆ.

ನಿಮಗೆ ಮುಖ್ಯವಾದದ್ದು ಇಲ್ಲಿದೆ. ಹೊಸ ಪದ್ಧತಿಯಲ್ಲಿ 75,000 ಪ್ರಮಾಣಿತ ಕಡಿತದ ನಂತರ ನಿಮ್ಮ ಆದಾಯ 6,45,000; 2025-26ಕ್ಕೆ 12 ಲಕ್ಷದವರೆಗಿನ ಸಂಬಳದ ಆದಾಯಕ್ಕೆ ರಿಬೇಟ್ ಇರುವುದರಿಂದ ನಿಮ್ಮ ತೆರಿಗೆ ಸೊನ್ನೆ, ನಿಮ್ಮ ಸಹೋದ್ಯೋಗಿಯದೂ ಸೊನ್ನೆ. 41,000 ರೂಪಾಯಿಯ ಕಡಿತಕ್ಕೆ ಆಸೆಪಟ್ಟು ನೀವು ಸುಮಾರು 40,000 ರೂಪಾಯಿ ತೆರಿಗೆಯನ್ನೇ ಮೈಮೇಲೆ ಎಳೆದುಕೊಂಡಿದ್ದೀರಿ. ಕಾಲೇಜಿನ ಕಚೇರಿಗೆ ನೀವು ಬರೆದುಕೊಟ್ಟ ಆಯ್ಕೆಯೇ ಅಂತಿಮವಲ್ಲ; ರಿಟರ್ನ್ ಸಲ್ಲಿಸುವಾಗ ಹೊಸ ಪದ್ಧತಿಯನ್ನೇ ಉಳಿಸಿಕೊಂಡರೆ ಮುರಿದುಕೊಂಡ ಹಣ ನಿಮ್ಮ ಖಾತೆಗೆ ಮರಳುತ್ತದೆ.