ಶಾಲೆ ಜೂನ್‌ಗೆ, ಫ್ಲೂ ಲಸಿಕೆ ಏಪ್ರಿಲ್‌ಗೆ

ಪ್ರಶ್ನೆ: ಮಗಳಿಗೆ 7 ವರ್ಷ, ಮಗನಿಗೆ 2. ಫ್ಲೂ ಲಸಿಕೆ ಅಂತ ಬೇರೆಯಾಗಿ ಯಾವತ್ತೂ ಹಾಕಿಸಿಲ್ಲ. ಮಗನ ಲಸಿಕೆ ಪುಸ್ತಕದಲ್ಲಿ ‘ಇನ್‌ಫ್ಲುಯೆಂಜಾ’ ಎಂದು ಬರೆದಿದೆ, ಅದೇ ಸಾಕೇ? ಮಳೆ ಶುರುವಾದ ಮೇಲೆ ಹಾಕಿಸಿದರೆ ಆಗದೇ? ಮನೆಯಲ್ಲಿ ಅತ್ತೆಗೆ ಸಕ್ಕರೆ ಕಾಯಿಲೆ ಇದೆ.

ಉತ್ತರ: ಆ ಸಾಲನ್ನು ಪೂರ್ತಿ ಓದಿ ನೋಡಿ, ‘ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ’ ಎಂದಿರುತ್ತದೆ. ಅದು ಬ್ಯಾಕ್ಟೀರಿಯಾ. 6, 10, 14ನೇ ವಾರಗಳಲ್ಲಿ ಕೊಡುವ ಪೆಂಟಾವಲೆಂಟ್‌ನಲ್ಲಿ (ಐದು ರೋಗಗಳಿಗೆ ಒಟ್ಟಾಗಿ ಕೊಡುವ ಲಸಿಕೆ) ಅದರ ಲಸಿಕೆ ಇರುತ್ತದೆ. ಫ್ಲೂ ತರುವುದು ವೈರಸ್, ಅದರ ಲಸಿಕೆಯೇ ಬೇರೆ. ಹೆಸರು ನೋಡಿ ಮೋಸಹೋಗುವ ಪೋಷಕರು ಬಹಳ.

ಇನ್ನು ದಿನಗಳ ಲೆಕ್ಕ. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ಸಲ ಹಾಕಿಸುವಾಗ ಎರಡು ಡೋಸ್ ಬೇಕು, ನಡುವೆ ಕನಿಷ್ಠ 4 ವಾರ. ಅವರ ದೇಹಕ್ಕೆ ಈ ವೈರಸ್‌ನ ಪರಿಚಯ ಕಡಿಮೆ, ಹಾಗಾಗಿ ಒಂದೇ ಡೋಸ್‌ಗೆ ರಕ್ಷಣೆ ಗಟ್ಟಿಯಾಗುವುದಿಲ್ಲ. ಎರಡನೆಯದು ಬಿದ್ದ ಮೇಲೂ ಪ್ರತಿಕಾಯಗಳು ಬೆಳೆಯಲು ಸುಮಾರು 2 ವಾರ ಹಿಡಿಯುತ್ತದೆ. ಒಟ್ಟು 6 ವಾರ. ನಮ್ಮಲ್ಲಿ ಫ್ಲೂ ಹೆಚ್ಚುವುದು ಮಳೆಗಾಲದಲ್ಲಿ, ಶಾಲೆ ತೆರೆದು ಮಕ್ಕಳು ಒತ್ತೊತ್ತಾಗಿ ಕೂರುವ ಹೊತ್ತಿಗೇ. ಜೂನ್ 1ರಿಂದ ಹಿಂದಕ್ಕೆ ಎಣಿಸಿದರೆ ಏಪ್ರಿಲ್ ಮಧ್ಯಕ್ಕೆ ಬಂದು ನಿಲ್ಲುತ್ತೀರಿ. ತಪ್ಪಿಹೋಗುವುದು ಯಾವಾಗಲೂ ಎರಡನೇ ಡೋಸ್. ಅದರ ತಾರೀಖನ್ನು ಕ್ಲಿನಿಕ್ ಬಿಡುವ ಮುಂಚೆಯೇ ಬರೆಸಿಕೊಳ್ಳಿ. ಮುಂದಿನ ವರ್ಷದಿಂದ ವರ್ಷಕ್ಕೊಂದೇ ಸಾಕು. ಆದರೆ ತಪ್ಪಿಸಬಾರದು: ರಕ್ಷಣೆ ತಿಂಗಳು ಕಳೆದಂತೆ ಇಳಿಯುತ್ತದೆ, ವೈರಸ್ಸೂ ರೂಪ ಬದಲಿಸುತ್ತದೆ.

ಪೆಟ್ಟಿಗೆ ಕೇಳಿ ನೋಡಿ. ಯಾವ ಸಾಲಿನ ಲಸಿಕೆ, ಅವಧಿ ಎಂದಿನವರೆಗೆ ಎಂಬುದು ಅಚ್ಚಾಗಿರುತ್ತದೆ. ಸಿಗುವುದರಲ್ಲಿ ಹೊಸದೇ ಇರಲಿ. ಮೆಡಿಕಲ್‌ನಿಂದ ನೀವೇ ಒಯ್ಯುವುದಾದರೆ 2ರಿಂದ 8 ಡಿಗ್ರಿ ತಂಪು ಬೇಕು. ಐಸ್ ಪ್ಯಾಕ್‌ಗೆ ಸಿರಿಂಜ್ ನೇರವಾಗಿ ತಾಗದಂತೆ ನಡುವೆ ಬಟ್ಟೆ ಇಡಿ. ಒಮ್ಮೆ ಹೆಪ್ಪುಗಟ್ಟಿದ್ದು ಮತ್ತೆ ಕರಗಿ ತಿಳಿಯಾಗಿ ಕಂಡರೂ ಬಳಸುವಂತಿಲ್ಲ.

ಸಣ್ಣ ನೆಗಡಿಗೆ ಮುಂದೂಡಬೇಡಿ, ಜೋರು ಜ್ವರವಿದ್ದರೆ ಇಳಿಯುವವರೆಗೆ ಕಾಯಿರಿ. ಚುಚ್ಚಿದ ಜಾಗ ನೋಯಬಹುದು, ಒಂದೆರಡು ದಿನ ಮೈ ಬಿಸಿಯಾಗಬಹುದು. ಚುಚ್ಚುಮದ್ದಿನಲ್ಲಿರುವುದು ಜೀವವಿಲ್ಲದ ವೈರಸ್, ಅದರಿಂದ ಫ್ಲೂ ಬರಲಾರದು.

ಅತ್ತೆಯವರಿಗೂ ಅದೇ ದಿನ ಒಂದು ಡೋಸ್ ಹಾಕಿಸಿಬಿಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ಭಯ ಹೆಚ್ಚು, ಮನೆಗೆ ವೈರಸ್ ತರುವುದು ಹೆಚ್ಚಾಗಿ ಮಕ್ಕಳೇ. ಇದನ್ನು ಓದುವಾಗ ಜೂನ್ ಬಂದುಬಿಟ್ಟಿದ್ದರೂ ಹಾಕಿಸಿ: ಮಳೆಗಾಲ ಉದ್ದವಿದೆ, ಜನವರಿಯಿಂದ ಮಾರ್ಚ್‌ವರೆಗೆ ಫ್ಲೂ ಮತ್ತೊಮ್ಮೆ ತಲೆ ಎತ್ತುತ್ತದೆ.